ಕಾಯಕವೂ ಕಿವಿಯೂ

ಷಟ್‌ಸ್ಥಲ ಶಾಸ್ತ್ರದಲ್ಲಿ ಶ್ರೋತ್ರವು ಪ್ರಸಾದಲಿಂಗದ ಮುಖ. ಶಬ್ದವೇ ಅದಕ್ಕೆ ಸಲ್ಲುವ ಅರ್ಪಿತ. ದೀಕ್ಷೆಯಲ್ಲಿ ಗುರುವು ಮಂತ್ರವನ್ನು ಉಪದೇಶಿಸುವುದೂ ಕಿವಿಯಲ್ಲಿಯೇ. ಇಂತಹ ಇಂದ್ರಿಯವನ್ನು ನಮ್ಮ ಎಷ್ಟೋ ಮಂದಿ ಕಾಯಕದ ಸ್ಥಳದಲ್ಲಿಯೇ ಕಳೆದುಕೊಳ್ಳುತ್ತಿರುವುದು ವಿಚಾರಾರ್ಹ ಸಂಗತಿ.

ರಬಕವಿ-ಬನಹಟ್ಟಿಯಂತಹ ನೇಕಾರಿಕೆಯ ಊರುಗಳಲ್ಲಿ ವಿದ್ಯುತ್ ಮಗ್ಗದ ಸದ್ದು ಬದುಕಿನ ಸದ್ದೇ ಆಗಿದೆ. ಲಾಳಿಯ ಮಗ್ಗಗಳು ಒತ್ತಾಗಿರುವ ಕೊಠಡಿಯಲ್ಲಿ ಅದು ಸಾಮಾನ್ಯವಾಗಿ 90 ಡೆಸಿಬೆಲ್ ಮೀರುತ್ತದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದೆಂಬುದು ತಜ್ಞರ ಮತ. ಮುಂದೆ ಪ್ರತಿ 3 ಡೆಸಿಬೆಲ್ ಏರಿದಂತೆ ಈ ಅವಧಿ ಅರ್ಧವಾಗುತ್ತದೆ; 91ಕ್ಕೆ 2 ಗಂಟೆ ಮಾತ್ರ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ.

ಈ ಕಿವುಡುತನ ನೋವಿಲ್ಲದೆ ಬರುತ್ತದೆ. ಮೊದಲು ಅಳಿಯುವುದು ತಾರಸ್ವರದ ಗ್ರಹಣ. ಧ್ವನಿ ಕೇಳಿಸುತ್ತದೆ, ‘ಸ’ಕಾರ, ‘ಶ’ಕಾರಗಳು ಸ್ಪಷ್ಟವಾಗುವುದಿಲ್ಲ, ಮೊಮ್ಮಕ್ಕಳ ಮಾತು ತಿಳಿಯುವುದಿಲ್ಲ. ಮನೆಯವರು ‘ಕೇಳಿಯೂ ಕೇಳದಂತಿರುತ್ತಾರೆ’ ಎಂದು ಬೇಸರಗೊಳ್ಳುತ್ತಾರೆ. ಹಿರಿಯರು ಮೆಲ್ಲನೆ ಪ್ರವಚನ, ಗೋಷ್ಠಿಗಳಿಂದ ದೂರ ಸರಿಯುತ್ತಾರೆ. ಅದು ಉದಾಸೀನವಲ್ಲ, ದುಡಿಮೆಯ ಗಾಯ.

ಕಿವಿಯು ದೇಹದಿಂದ ಬೇರೆಯಲ್ಲ. ಮಧುಮೇಹ, ರಕ್ತದೊತ್ತಡ ಮತ್ತು ಧೂಮಪಾನಗಳು ಒಳಗಿವಿಯ ರಕ್ತಸಂಚಾರವನ್ನು ಕುಂದಿಸುತ್ತವೆ. ಬಣ್ಣ, ಅಂಟುಗಳಲ್ಲಿನ ಟಾಲೀನ್‌ನಂತಹ ದ್ರಾವಕಗಳೂ, ಸ್ಟ್ರೆಪ್ಟೊಮೈಸಿನ್‌ನಂತಹ ಕೆಲವು ಔಷಧಗಳೂ ಶ್ರವಣಕ್ಕೆ ಹಾನಿ ಮಾಡಬಲ್ಲವು. ಆದ್ದರಿಂದ ವೈದ್ಯರಲ್ಲಿ ಹೋದಾಗ ತಮ್ಮ ಕೆಲಸ ಯಾವುದೆಂಬುದನ್ನು ತಪ್ಪದೆ ತಿಳಿಸಬೇಕು. ದಿನವಿಡೀ ಮಗ್ಗದ ಬಳಿ ದುಡಿದವನಿಗೆ ಮನೆಯಲ್ಲಿ ದೂರದರ್ಶನದ ಅಬ್ಬರವಲ್ಲ, ನಿಶ್ಶಬ್ದ ಬೇಕು. ಮಿತಾಹಾರ, ನಿದ್ರೆ, ಮೌನ ಇವೂ ಕಿವಿಯ ಆರೈಕೆಯೇ.

ಆದರೆ ಎಲ್ಲ ಹೊಣೆಯನ್ನೂ ದುಡಿಯುವವನ ಮೇಲೆ ಹೊರಿಸುವುದು ನ್ಯಾಯವಲ್ಲ. ಮೊದಲ ಚಿಕಿತ್ಸೆ ಯಂತ್ರಕ್ಕೆ ಸಲ್ಲಬೇಕು: ಸವೆದ ಭಾಗಗಳ ಬದಲಾವಣೆ, ಕಾಲಕಾಲಕ್ಕೆ ಎಣ್ಣೆ, ಮಗ್ಗದ ಕಾಲಡಿ ರಬ್ಬರಿನ ಹಾಸು. ಬಳಿಕ ಸದ್ದಿನಿಂದ ದೂರದ ಬಿಡುವು, ಸರಿಯಾಗಿ ಕೂಡುವ ಕಿವಿರಕ್ಷಕ. ಹತ್ತಿಯ ಉಂಡೆ ಸಾಲದು. ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆಯೂ ಅಗತ್ಯ. ಈ ಶಾಸ್ತ್ರದ ಅಧ್ಯಯನಕ್ಕೂ ಚಿಕಿತ್ಸೆಗೂ ಮೀಸಲಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಿಂದ ನಮ್ಮ ಮೈಸೂರಿನಲ್ಲಿಯೇ ಇದೆ.

ಸದ್ದಿನಿಂದಾಗುವ ಕಿವುಡುತನವು 1948ರ ಕಾರ್ಖಾನೆ ಕಾಯಿದೆಯ ವೃತ್ತಿರೋಗಗಳ ಅನುಸೂಚಿಯಲ್ಲಿ ಸೇರಿತ್ತು. 2020ರ ಸಂಹಿತೆಯೂ ಅದನ್ನು ಹೆಸರಿಸಿದೆ. ಆದರೆ ಮನೆಯ ಹಿಂದಿನ ನಾಲ್ಕು ಮಗ್ಗಗಳ ಕೊಠಡಿಗೆ ಕಾನೂನಿನ ಕಣ್ಣು ತಲಪುವುದು ವಿರಳ. ಅಲ್ಲಿ ಧರ್ಮವೇ ತಲಪಬೇಕು. ನಮ್ಮಲ್ಲಿ ಮಗ್ಗದ ಒಡೆಯರೂ ಇದ್ದಾರೆ, ಕೂಲಿಗೆ ನೇಯುವವರೂ ಇದ್ದಾರೆ. ಜಾತ್ರೆಯ ದಾಸೋಹಕ್ಕೆ ಧಾನ್ಯ ಕಳುಹುವ ಒಡೆಯನು ತನ್ನ ಕೊಠಡಿಯಲ್ಲಿ ದುಡಿಯುವವನ ಕಿವಿಯನ್ನೂ ಕಾಯಲಿ. ಅದು ದಯೆಯಲ್ಲ, ದಾಸೋಹದ ಮೊದಲ ಪಾಲು.