ಜನಕಪುರಿಯ ಸಣ್ಣ ಮನೆಗಳು ಕಣ್ಮರೆಯಾಗುವ ಮುನ್ನ

ದೆಹಲಿಯ ಸಂಸಾರ ಅಗ್ಗವೋ, ಬೆಂಗಳೂರಿನದೋ? ದೆಹಲಿಯಲ್ಲಿ ನಾಲ್ಕು ಕನ್ನಡಿಗರು ಸೇರಿದರೆ ಈ ಚರ್ಚೆ ಬಂದೇ ಬರುತ್ತದೆ. ಬಾಡಿಗೆ, ಅಡ್ವಾನ್ಸು, ಕರೆಂಟು, ಓಡಾಟ ಎಲ್ಲವನ್ನೂ ಕೂಡಿಸಿ ಕಳೆದು ನೋಡಿದಾಗ, ದೆಹಲಿಯೇ ವಾಸಿ ಎನ್ನುವವರ ಕೈ ಇಷ್ಟು ದಿನ ಮೇಲಾಗುತ್ತಿತ್ತು. ಇನ್ನು ಮುಂದೆ ಹಾಗಾಗಲಾರದು. ಅದರ ಲಕ್ಷಣಗಳು ಪಶ್ಚಿಮ ದೆಹಲಿಯ ಬಡಾವಣೆ ಜನಕಪುರಿಯ ಗಲ್ಲಿಗಳಲ್ಲಿ ಈಗಾಗಲೇ ಕಾಣುತ್ತಿವೆ.

ಮೊದಲು ಲೆಕ್ಕವನ್ನೇ ನೋಡೋಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸು ಕೇಳುವುದು ಹಳೆಯ ರೂಢಿ. ಈಗ ಅನೇಕರು ಐದಾರು ತಿಂಗಳಿಗೆ ಇಳಿದಿದ್ದಾರೆ. ಮೂವತ್ತು ಸಾವಿರ ಬಾಡಿಗೆಯ ಮನೆಗೆ ಹತ್ತು ತಿಂಗಳೆಂದರೆ ಮೂರು ಲಕ್ಷ ರೂಪಾಯಿ ಮನೆ ಮಾಲೀಕರ ಕೈಯಲ್ಲಿ ಬಡ್ಡಿಯಿಲ್ಲದೆ ಕೂತಿರುತ್ತದೆ. ದೆಹಲಿಯಲ್ಲಿ ಒಂದೆರಡು ತಿಂಗಳ ಬಾಡಿಗೆ, ಜೊತೆಗೆ ಪ್ರಾಪರ್ಟಿ ಡೀಲರ್‌ನ ಕಮಿಷನ್ ಕೊಟ್ಟರೆ ಬೀಗದ ಕೈ ಸಿಗುತ್ತದೆ. 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ದೆಹಲಿಗೆ 2019ರಲ್ಲಿ ಬಂತು, ಕರ್ನಾಟಕಕ್ಕೆ ಗೃಹಜ್ಯೋತಿ ಬಂದದ್ದು 2023ರಲ್ಲಿ. ಮೆಟ್ರೋದಲ್ಲೂ ಅಂತರವಿದೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ನಮ್ಮ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಜಿಗಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ದೆಹಲಿ ಮೆಟ್ರೋ ದರ ಏರಿಸಿದಾಗ ಗರಿಷ್ಠ ದರ 60ರಿಂದ ಏರಿ 64ಕ್ಕೆ ನಿಂತಿತು. 1962ರ ಆದಾಯ ತೆರಿಗೆ ನಿಯಮಗಳಂತೂ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಿಗೆ ಸಂಬಳದ ಶೇ 50ರ ಮಿತಿ ಇಟ್ಟು, ಬೆಂಗಳೂರನ್ನು ಶೇ 40ರ ಸಾಲಿನಲ್ಲಿ ಕೂರಿಸಿದ್ದವು.

ಆದರೆ ಇವೆಲ್ಲ ಮೇಲಿನ ಲೆಕ್ಕ. ದೆಹಲಿ ಮಧ್ಯಮ ವರ್ಗದ ಕೈಗೆಟುಕಿದ್ದಕ್ಕೆ ಮೂಲ ಕಾರಣ ಬೇರೆಯೇ ಇತ್ತು. 1957ರಲ್ಲಿ ಹುಟ್ಟಿದ ದೆಹಲಿ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಲ್ಲರ ಬಾಯಲ್ಲಿರುವ ಡಿಡಿಎ, ಭೂಮಿಯನ್ನು ತನ್ನ ವಶಕ್ಕೆ ಪಡೆದು ತಾನೇ ಬಡಾವಣೆ ಕಟ್ಟಿತು. 1970ರ ದಶಕದಲ್ಲಿ ಎದ್ದ ಜನಕಪುರಿಯಲ್ಲಿ ಪ್ಲಾಟುಗಳ ಜೊತೆಗೆ ಎಲ್‌ಐಜಿ (ಕಡಿಮೆ ಆದಾಯದವರ), ಎಂಐಜಿ (ಮಧ್ಯಮ ಆದಾಯದವರ) ಫ್ಲಾಟುಗಳೂ ಇದ್ದವು. ಗುಮಾಸ್ತನಿಗೊಂದು ಅಳತೆ, ಅಧಿಕಾರಿಗೊಂದು ಅಳತೆ. ಇಬ್ಬರಿಗೂ ಅದೇ ಪಾರ್ಕು, ಅದೇ ಮಾರುಕಟ್ಟೆ.

ಪ್ಲಾಟಿನ ಮನೆಗಳ ತಾರಸಿಯ ಮೇಲೆ ಬರ್ಸಾತಿ ಇರುತ್ತಿತ್ತು. ಒಂದು ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ, ಹೊರಗೆ ಬಚ್ಚಲು, ಮಿಕ್ಕದ್ದೆಲ್ಲ ಬಯಲು. ಜೂನ್‌ನಲ್ಲಿ ಕಾದ ಬಾಣಲೆ, ಜನವರಿಯಲ್ಲಿ ಹೊಗಳಲು ಮಾತು ಸಾಲದ ಬಿಸಿಲು. ಊರಿನಿಂದ ಬಂದ ಹೊಸ ನೌಕರ ಅಲ್ಲಿ ಕೆಲವು ವರ್ಷ ಕಳೆದು, ಮದುವೆಯಾದ ಮೇಲೆ ಕೆಳಗಿನ ಮಹಡಿಗೋ ಸರ್ಕಾರಿ ಕ್ವಾರ್ಟರ್ಸ್‌ಗೋ ಇಳಿಯುತ್ತಿದ್ದ. ಈ ನಗರದಲ್ಲಿ ಬೇರೂರಿದ ಎಷ್ಟೋ ದಕ್ಷಿಣದ ಕುಟುಂಬಗಳಿಗೆ ಮೊದಲ ಮೆಟ್ಟಿಲು ಅದೇ.

ಆ ಮೆಟ್ಟಿಲನ್ನೇ ಈಗ ಕೀಳಲಾಗುತ್ತಿದೆ. ಮಾಲೀಕ ತೀರಿಕೊಂಡ ಮೇಲೆ ಮಕ್ಕಳು ಪಾಲು ಕೇಳುತ್ತಾರೆ. ಬಿಲ್ಡರ್ ಬಂದು ಕಟ್ಟುವ ಖರ್ಚು ತನ್ನದೆಂದು ಹೇಳಿ, ಬದಲಿಗೆ ಒಂದೋ ಎರಡೋ ಮಹಡಿ ತನಗೆ ಬರೆಸಿಕೊಳ್ಳುತ್ತಾನೆ. ಹಳೆ ಮನೆ ನೆಲಸಮ. ದೆಹಲಿಯ ‘ಮಾಸ್ಟರ್ ಪ್ಲಾನ್ 2021’ರ ಪ್ರಕಾರ ಕೆಳಗೆ ಸ್ಟಿಲ್ಟ್ ಪಾರ್ಕಿಂಗ್ ಬಿಟ್ಟರೆ 17.5 ಮೀಟರ್ ಎತ್ತರ ಕಟ್ಟಬಹುದು. ಹೀಗೆ ಲಿಫ್ಟ್ ಸಮೇತ ನಾಲ್ಕು ಬಿಲ್ಡರ್ ಫ್ಲೋರ್, ಅಂದರೆ ಮಹಡಿಗೊಂದರಂತೆ ಮಾರುವ ಮನೆಗಳು, ಏಳುತ್ತವೆ. ಮನೆಗಳ ಎಣಿಕೆ ಹೆಚ್ಚಾಯಿತಲ್ಲ ಎಂದು ಕೇಳಬಹುದು. ಹೆಚ್ಚಾಯಿತು, ನಿಜ. ಆದರೆ ಬಂದವೆಲ್ಲ ಮೂರು ಬೆಡ್‌ರೂಮಿನವು, ಹೋದವು ಒಂದು ಕೋಣೆಯವು. ತಾರಸಿಯ ಹಕ್ಕು ಕೂಡ ಮೇಲಿನ ಮಹಡಿ ಕೊಂಡವರ ಕ್ರಯಪತ್ರಕ್ಕೆ ಸೇರಿಹೋಗುತ್ತದೆ.

ಇದರ ಮೇಲೆ ಮೆಟ್ರೋ. 2018ರಲ್ಲಿ ಮಜೆಂಟಾ ಮಾರ್ಗ ಬಂದು ಜನಕಪುರಿ ಪಶ್ಚಿಮ ಎರಡು ಮಾರ್ಗಗಳು ಕೂಡುವ ನಿಲ್ದಾಣವಾಯಿತು. 2025ರ ಜನವರಿಯಲ್ಲಿ ಆ ಮಾರ್ಗ ಕೃಷ್ಣಾ ಪಾರ್ಕ್ ಎಕ್ಸ್‌ಟೆನ್ಷನ್‌ವರೆಗೆ ಬೆಳೆಯಿತು. ಸಾರ್ವಜನಿಕ ಹಣದಿಂದ ಬಂದ ಈ ಅನುಕೂಲದ ಬೆಲೆಯನ್ನು ಬಾಡಿಗೆದಾರ ಪ್ರತಿ ತಿಂಗಳೂ ಮಾಲೀಕನಿಗೆ ಕಟ್ಟುತ್ತಾನೆ. ಕಟ್ಟಲಾಗದವನು ಪಕ್ಕದ ಉತ್ತಮ್ ನಗರದ ಕಡೆಗೆ, ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಗಲ್ಲಿಗಳಿಗೆ ಸರಿಯುತ್ತಾನೆ. ಅಲ್ಲಿ ಮಾಲೀಕ ಸಬ್‌ಮೀಟರ್ ಹಾಕಿ ಯೂನಿಟ್‌ಗೆ ಇಷ್ಟೆಂದು ವಸೂಲಿ ಮಾಡಿದರೆ ಉಚಿತ ವಿದ್ಯುತ್ತೂ ಅವನಿಗೆ ದಕ್ಕುವುದಿಲ್ಲ. ಬಾಡಿಗೆದಾರರಿಗೆ ಪ್ರತ್ಯೇಕ ಪ್ರೀಪೇಯ್ಡ್ ಮೀಟರ್ ಕೊಡುವ ಯೋಜನೆ 2019ರಲ್ಲೇ ಬಂದಿದೆ, ಆದರೆ ಮಾಲೀಕನನ್ನು ಎದುರುಹಾಕಿಕೊಂಡು ಅದನ್ನು ಹಾಕಿಸಿಕೊಳ್ಳುವ ಧೈರ್ಯ ಎಷ್ಟು ಜನರಿಗಿದೆ? ಇವುಗಳ ಜೊತೆಗೆ, ಚಳಿಗಾಲದ ಹೊಗೆಗೆ ಏರ್ ಪ್ಯೂರಿಫೈಯರ್, ಮಕ್ಕಳ ಕೆಮ್ಮಿಗೆ ವೈದ್ಯರು ಎಂಬ ಖರ್ಚುಗಳು ನಗರಗಳನ್ನು ಹೋಲಿಸುವ ಯಾವ ಪಟ್ಟಿಯಲ್ಲೂ ಸರಿಯಾಗಿ ಬೀಳುವುದಿಲ್ಲ.

ಈ ದಾರಿ ಎಲ್ಲಿಗೆ ಮುಟ್ಟುತ್ತದೆಂದು ಬೆಂಗಳೂರು ತೋರಿಸಿಕೊಟ್ಟಿದೆ. ಕೋವಿಡ್ ಇಳಿದು ಐಟಿ ಕಂಪನಿಗಳು ನೌಕರರನ್ನು ಕಚೇರಿಗೆ ಕರೆಸಿಕೊಂಡ 2022, 2023ರಲ್ಲಿ ಅಲ್ಲಿನ ಬಾಡಿಗೆ ಹಿಡಿತಕ್ಕೆ ಸಿಗಲಿಲ್ಲ. ಸಂದರ್ಶನ ಮಾಡಿ ಬಾಡಿಗೆದಾರರನ್ನು ಆರಿಸುವ ಮಾಲೀಕರ ಕಥೆಗಳು ಪತ್ರಿಕೆ ತುಂಬಿದವು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಬಿಲ್ಲು ಬೇರೆ. ದೆಹಲಿಯ ಮನೆ ಮಾರಿ ನಿವೃತ್ತಿಯ ನಂತರ ಬೆಂಗಳೂರು ಸೇರುವೆನೆಂದು ಕನಸು ಕಾಣುವ ಹಿರಿಯರು ಅಲ್ಲಿಯ ಇಂದಿನ ಬೆಲೆಯನ್ನು ಕಣ್ಣಾರೆ ನೋಡಿಯೇ ಸಹಿ ಹಾಕಬೇಕು. ನೋಂದಣಿ ಖರ್ಚು, ಅಪಾರ್ಟ್‌ಮೆಂಟ್ ನಿರ್ವಹಣಾ ಶುಲ್ಕ, ನೀರು ಮೂರನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ದೆಹಲಿ ಇದೇ ದಾರಿ ಹಿಡಿಯದಂತೆ ತಡೆಯಲು ಇನ್ನೂ ಅವಕಾಶವಿದೆ. 2021ರ ಜೂನ್‌ನಲ್ಲಿ ಜನರ ಮುಂದೆ ಬಂದ 2041ರ ಮಾಸ್ಟರ್ ಪ್ಲಾನ್ ಕರಡಿನಲ್ಲಿ ಬಾಡಿಗೆ ಮನೆಗಳ, ಸಣ್ಣ ಮನೆಗಳ ಪ್ರಸ್ತಾಪವಿತ್ತು. ಅದು ಕಾಗದದಲ್ಲೇ ಉಳಿಯಬಾರದು. ಹಳೆ ಪ್ಲಾಟಿನಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಕೊಡುವಾಗ ಒಂದು ಸಣ್ಣ ಬಾಡಿಗೆ ಮನೆಯಾದರೂ ಇರಲಿ ಎಂಬ ಷರತ್ತು, ಅಂಥ ಮನೆ ಇಟ್ಟವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ಇವೆರಡು ಬೇಕು. ಬೆಂಗಳೂರಿನ ಬಾಡಿಗೆದಾರರಿಗಾಗಿ, ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಪಡೆಯಬಾರದೆಂಬ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಮಿತಿಯನ್ನು ಕರ್ನಾಟಕ ಸರ್ಕಾರ ತನ್ನ ಕಾನೂನಿಗೆ ತರಬೇಕು.

ದೆಹಲಿ ಕರ್ನಾಟಕ ಸಂಘವೂ ಬಡಾವಣೆಗಳ ಕನ್ನಡ ಕೂಟಗಳೂ ರಾಜ್ಯೋತ್ಸವದ ವೇದಿಕೆಯಾಚೆ ಒಂದು ಕೆಲಸ ಹಿಡಿಯಲಿ: ಸದಸ್ಯರ ಬಾಡಿಗೆ, ಅಡ್ವಾನ್ಸು, ಕರೆಂಟು ಬಿಲ್ಲನ್ನು ವರ್ಷಕ್ಕೊಮ್ಮೆ ಬರೆದಿಡಲಿ. ಖಾಲಿ ಕೋಣೆಯಿರುವ ಮನೆಯವರು ಊರಿನಿಂದ ಬರುವ ಹುಡುಗ ಹುಡುಗಿಯರಿಗೆ ಅದನ್ನು ನ್ಯಾಯವಾದ ಬಾಡಿಗೆಗೆ ಕೊಡಲಿ. ಮನೆ ಕೆಡವುವ ಒಪ್ಪಂದ ಮುಂದಿಟ್ಟುಕೊಂಡಿರುವ ಜನಕಪುರಿಯ ಮಾಲೀಕರೇ, ಸಹಿ ಹಾಕುವ ಮುನ್ನ ತಾರಸಿಯ ಮೇಲೆ ಒಂದು ಕೋಣೆ ಉಳಿಸಿಕೊಡಿ ಎಂದು ಬಿಲ್ಡರ್‌ನನ್ನು ಕೇಳಿ.