‘ಯಾವ ಕಂಪ್ಯೂಟರ್ ಬೆಸ್ಟು?’ ಅಂತ ಕೇಳಬೇಡಿ

ಆರು ಮೀಟರ್ ಆಳದಲ್ಲಿ ನನ್ನ ಕೈಯಲ್ಲಿದ್ದ ಡೈವ್ ಕಂಪ್ಯೂಟರ್ ‘ಮುಗೀತು, ಮೇಲೆ ಹೋಗು’ ಅಂದಿತು. ಪಕ್ಕದಲ್ಲೇ ತೇಲುತ್ತಿದ್ದ ಗೆಳೆಯನ ಕಂಪ್ಯೂಟರ್ ‘ಇನ್ನೂ 13 ನಿಮಿಷ ಇಲ್ಲೇ ಇರು’ ಅನ್ನುತ್ತಿತ್ತು. ಇಬ್ಬರೂ ಒಟ್ಟಿಗೇ ಇಳಿದವರು, ಒಟ್ಟಿಗೇ 55 ಮೀಟರ್ ಮುಟ್ಟಿದವರು, ಅದೇ ಗ್ಯಾಸ್‌ಗಳನ್ನ ಉಸಿರಾಡಿದವರು.

ಜಾಗ ಈಜಿಪ್ಟಿನ ದಹಾಬ್. ಅಲ್ಲಿನ ಬ್ಲೂ ಹೋಲ್‌ನ ಆಳದಲ್ಲಿರೋ ಕಮಾನು ದಾಟಿ, ಹೊರಗಿನ ಹವಳದ ಗೋಡೆಗುಂಟ ಅಲ್ಲಲ್ಲಿ ನಿಂತು ನಿಂತು ಮೇಲೆ ಬಂದಿದ್ದೆವು. ದಡದ ಬಂಡೆಯ ಮೇಲೆ ಅಲ್ಲಿ ಸತ್ತ ಡೈವರ್‌ಗಳ ಹೆಸರಿನ ಫಲಕಗಳಿವೆ. ಅವನ್ನ ನೋಡಿಕೊಂಡೇ ನೀರಿಗಿಳಿದಿದ್ದು. ಚಳಿಗೆ ದವಡೆ ನಡುಗುತ್ತಿತ್ತು. ನಾನು ಹೆಬ್ಬೆರಳು ಎತ್ತಿ ‘ಹೋಗೋಣ’ ಅಂದೆ. ಅವನು ಅಂಗೈ ಅಡ್ಡ ಹಿಡಿದು ‘ನಿಲ್ಲು’ ಅಂದ. ನಿಂತೆ.

ಈಗ ತಮಾಷೆ ಕೇಳಿ. ಆ ಎರಡೂ ಕಂಪ್ಯೂಟರ್ ಒಂದೇ ಕಂಪನಿಯವು. ಒಂದೇ ಮಾಡೆಲ್.

ಅದನ್ನ ಕೊಳ್ಳೋ ಮುಂಚೆ ನಾನು ಮೂರು ತಿಂಗಳು ಸ್ಪ್ರೆಡ್‌ಶೀಟ್ ಮಾಡಿದ್ದೆ. ನಾವು ಬೆಂಗಳೂರಿನ ಐಟಿ ಮಂದಿ, ಫ್ರಿಜ್ ಕೊಳ್ಳೋಕೂ ಸ್ಪ್ರೆಡ್‌ಶೀಟ್ ಬೇಕು. ಪರದೆ ಎಷ್ಟು ಇಂಚು, ಬ್ಯಾಟರಿ ಎಷ್ಟು ಗಂಟೆ, ಸಿಲಿಂಡರಿನ ಒತ್ತಡ ವೈರ್ ಇಲ್ಲದೆ ತೋರಿಸುತ್ತಾ, ಫೋನಿಗೆ ಸಿಂಕ್ ಆಗುತ್ತಾ, ಆಫೀಸಿಗೆ ಕಟ್ಟಿಕೊಂಡು ಹೋದರೆ ಚೆನ್ನಾಗಿ ಕಾಣುತ್ತಾ... ಹೀಗೆ 14 ಕಾಲಂ. ಕೊನೆಗೆ ಒಳ್ಳೇ ರೇಟಿಗೆ ಸೆಕೆಂಡ್ ಹ್ಯಾಂಡ್ ಸಿಕ್ಕಿತು, ತಗೊಂಡೆ. ಅದರೊಳಗೆ ಹಳೇ ಮಾಲೀಕ ಹಾಕಿಟ್ಟಿದ್ದ ಸೆಟ್ಟಿಂಗ್ 40/95. ಗೆಳೆಯನದು 30/70. ಈ ಎರಡು ಸಂಖ್ಯೆಗೆ ನನ್ನ ಸ್ಪ್ರೆಡ್‌ಶೀಟಿನಲ್ಲಿ ಕಾಲಮ್ಮೇ ಇರಲಿಲ್ಲ. ಡೈವಿಗೆ ಮುಂಚೆ ಹೋಲಿಸಿ ನೋಡಬೇಕು ಅಂತ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಆಳದ ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್, ಹೀಲಿಯಂ ನಮ್ಮ ರಕ್ತ ಮಾಂಸದಲ್ಲಿ ಕರಗುತ್ತವೆ. ಸರ್ರನೆ ಮೇಲೆ ಬಂದರೆ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆ ಏಳುತ್ತವೆ. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಮುರುಡೇಶ್ವರದಿಂದ ಬೋಟ್ ಹತ್ತಿ ನೇತ್ರಾಣಿಯಲ್ಲಿ ಮಾಡೋ ಡೈವಿನಲ್ಲಿ ಏನಾದರೂ ಎಡವಟ್ಟಾದರೆ ನಿಧಾನಕ್ಕೆ ನೇರ ಮೇಲೆ ಬರಬಹುದು. ಟೆಕ್ನಿಕಲ್ ಡೈವಿಂಗಿನಲ್ಲಿ ಹಾಗಿಲ್ಲ. ತಲೆ ಮೇಲೆ ಕಾಣದ ಒಂದು ಸೂರು ಇರುತ್ತೆ. ಅದು ಎಷ್ಟು ಆಳದಲ್ಲಿದೆ, ಯಾವಾಗ ತೆರೆಯುತ್ತೆ ಅಂತ ಹೇಳೋದೇ ಈ ಕಂಪ್ಯೂಟರಿನ ಕೆಲಸ.

ಆದರೆ ಅದಕ್ಕೆ ನಿಮ್ಮ ರಕ್ತ ಕಾಣಲ್ಲ ಸ್ವಾಮಿ! ಅದಕ್ಕೆ ಗೊತ್ತಿರೋದು ಮೂರೇ: ಎಷ್ಟು ಆಳ, ಎಷ್ಟು ಹೊತ್ತು, ಯಾವ ಗ್ಯಾಸ್. ಮೂರನೆಯದು ಕೂಡ ನೀವು ಹೇಳಿದ್ದು. ರಾತ್ರಿ ನಿದ್ದೆ ಮಾಡಿದಿರಾ, ನೀರು ಕುಡಿದಿರಾ, ಅದಕ್ಕೆ ಗೊತ್ತಿಲ್ಲ. ಉಳಿದಿದ್ದೆಲ್ಲ ಲೆಕ್ಕ. ಈ ಲೆಕ್ಕ ಶುರುವಾಗಿದ್ದು ಮೇಕೆಗಳಿಂದ. 1908ರಲ್ಲಿ ಇಂಗ್ಲೆಂಡಿನ ಹಾಲ್ಡೇನ್ ಮತ್ತು ಸಂಗಡಿಗರು ಮೇಕೆಗಳನ್ನ ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ, ದೇಹವನ್ನ ಐದು ಕಾಲ್ಪನಿಕ ಭಾಗ ಮಾಡಿ ಕೋಷ್ಟಕ ಬರೆದರು. ಜ್ಯೂರಿಕ್‌ನ ಬ್ಯೂಲ್ಮನ್ ಅದನ್ನ 16 ಭಾಗ ಮಾಡಿ, ಲೆಕ್ಕವನ್ನ ಪುಸ್ತಕದಲ್ಲಿ ಪ್ರಕಟಿಸಿಬಿಟ್ಟರು. ಆಮೇಲೆ ಎರಿಕ್ ಬೇಕರ್ ಎಂಬ ಎಂಜಿನಿಯರ್ ಅದಕ್ಕೆ ಎರಡು ತಿರುಗುಣಿ ಸೇರಿಸಿದರು. ಗ್ರೇಡಿಯೆಂಟ್ ಫ್ಯಾಕ್ಟರ್ ಅನ್ನೋದು ಅದೇ. ಬ್ಯೂಲ್ಮನ್ ಒಪ್ಪುವ ಗರಿಷ್ಠ ಮಿತಿ 100 ಅಂತ ಇಟ್ಟುಕೊಂಡರೆ, ಮೊದಲ ನಿಲುಗಡೆಯಲ್ಲಿ ಅದರ ಎಷ್ಟು ಭಾಗ ಬಳಸ್ತೀರಿ ಅನ್ನೋದು ಮೊದಲ ಸಂಖ್ಯೆ. ನೀರಿನಿಂದ ಹೊರಗೆ ಬರುವಾಗ ಎಷ್ಟು ಭಾಗ ಬಳಸ್ತೀರಿ ಅನ್ನೋದು ಎರಡನೆಯದು. 95 ಅಂದರೆ ಅಂಚಿಗೆ ಹತ್ತಿರ, 70 ಅಂದರೆ ಸ್ವಲ್ಪ ದೂರ. ಅಷ್ಟೇ. ಹದಿಮೂರು ನಿಮಿಷದ ಗುಟ್ಟು ಇದು.

ಅದಕ್ಕೇ ‘ಯಾವುದು ಬೆಸ್ಟು?’ ಅಂತ ಕೇಳಿದರೆ ನನಗೆ ಸಿಟ್ಟು ಬರೋದು. ‘ಎಲ್ಲರೂ ಶಿಯರ್‌ವಾಟರ್ ಕಟ್ತಾರೆ, ನೀನೂ ಅದನ್ನೇ ತಗೋ’ ಅನ್ನೋ ಉತ್ತರಕ್ಕೂ ಅಷ್ಟೇ ಸಿಟ್ಟು. ಒಳ್ಳೇ ಯಂತ್ರಗಳೇ, ಇಲ್ಲ ಅನ್ನಲ್ಲ. ಆದರೆ ಅದೇ ಕಂಪನಿಯ ಪೆರಿಗ್ರಿನ್‌ನಲ್ಲಿ ಹೀಲಿಯಂ ಬೆರೆಸಿದ ಟ್ರೈಮಿಕ್ಸ್ ಗ್ಯಾಸಿಗೆ ಲೆಕ್ಕವೇ ಇಲ್ಲ. ಹೆಸರು ನೋಡಿ ಕೊಂಡವರು ಟ್ರೈಮಿಕ್ಸ್ ಕೋರ್ಸಿಗೆ ಹೋಗಿ ಏನು ಮಾಡ್ತಾರೆ?

ನನ್ನನ್ನ ಕೇಳಿದರೆ ಮೊದಲ ಪ್ರಶ್ನೆ: ಇದರ ಲೆಕ್ಕ ನನಗೆ ಕಾಣುತ್ತಾ, ಬದಲಾಯಿಸೋಕೆ ಬಿಡುತ್ತಾ? ಎಲ್ಲರ ಮನೆ ದೋಸೆನೂ ತೂತೇ. ನಮ್ಮ ದೋಸೆಯ ತೂತು ಎಲ್ಲಿದೆ ಅಂತ ಗೊತ್ತಿರಬೇಕು. ಕೆಲವು ಕಂಪನಿಗಳು ವರ್ಷಗಟ್ಟಲೆ ತಮ್ಮದೇ ಗುಟ್ಟಿನ ಲೆಕ್ಕ ಇಟ್ಟುಕೊಂಡು, ನಮ್ಮ ಕೈಗೆ ‘ಸ್ವಲ್ಪ ಜಾಸ್ತಿ ಹುಷಾರು, ಸ್ವಲ್ಪ ಕಮ್ಮಿ ಹುಷಾರು’ ಅನ್ನೋ ಗುಂಡಿ ಮಾತ್ರ ಕೊಟ್ಟವು. ಅದರಿಂದ ಏನು ನಷ್ಟ? ಒಂದು ಉದಾಹರಣೆ. ಬಹಳ ಆಳದಲ್ಲೇ ನಿಲ್ಲೋಕೆ ಶುರು ಮಾಡಿದರೆ ಒಳ್ಳೇದು ಅಂತ ಒಂದು ಕಾಲದಲ್ಲಿ ಎಲ್ಲರೂ ನಂಬಿದ್ದರು. 2011ರಲ್ಲಿ ಅಮೆರಿಕದ ನೌಕಾಪಡೆ ಒಂದು ಪ್ರಯೋಗದ ವರದಿ ಪ್ರಕಟಿಸಿತು. 170 ಅಡಿ ಆಳ, 30 ನಿಮಿಷ, ಮೇಲೆ ಬರೋಕೆ ಎರಡೂ ಕಡೆ ಅಷ್ಟೇ ಸಮಯ. ಆಳದ ನಿಲುಗಡೆಯ 198 ಡೈವ್‌ಗಳಲ್ಲಿ 10 ಸಲ ಕಾಯಿಲೆ ಬಂತು. ಮೇಲಿನ ನಿಲುಗಡೆಯ 192ರಲ್ಲಿ 3 ಸಲ. ಅದಾದ ಮೇಲೆ ಅನೇಕರು ತಮ್ಮ ಮೊದಲ ಸಂಖ್ಯೆಯನ್ನ ಏರಿಸಿಕೊಂಡರು. ಸಂಖ್ಯೆ ಕೈಯಲ್ಲಿದ್ದವರು ಏರಿಸಿಕೊಂಡರು. ಗುಟ್ಟಿನ ಲೆಕ್ಕ ಕಟ್ಟಿಕೊಂಡವರು ಕಂಪನಿಯ ದಾರಿ ಕಾದರು. ಈಗ ಗಾರ್ಮಿನ್ ಡಿಸೆಂಟ್‌ನಲ್ಲೂ ಬ್ಯೂಲ್ಮನ್ ಲೆಕ್ಕವೇ ಇದೆ, ಸೂಂಟೊ ಓಷನ್‌ನಲ್ಲೂ ಅದೇ ಬಂದಿದೆ. ಒಳ್ಳೇದೇ ಆಯ್ತು.

ಎರಡನೇ ಪ್ರಶ್ನೆ: ನಾನು ತಪ್ಪು ಮಾಡಿದಾಗ ಇದು ಏನು ಮಾಡುತ್ತೆ? ಹವ್ಯಾಸಿಗಳಿಗೆ ಅಂತ ಮಾಡಿದ ಕೆಲವು ಕಂಪ್ಯೂಟರ್‌ಗಳು, ಸೂರು ಮೀರಿ ಮೇಲೆ ಹೋದರೆ ಮುನಿಸಿಕೊಂಡು ಲೆಕ್ಕ ಹೇಳೋದನ್ನೇ ನಿಲ್ಲಿಸುತ್ತವೆ. ತಪ್ಪಾದಾಗಲೇ ಅಲ್ವಾ ಲೆಕ್ಕ ಬೇಕಾಗಿರೋದು? ಅಂಥದ್ದು ಟೆಕ್ ಡೈವಿಂಗಿಗೆ ಬೇಡವೇ ಬೇಡ. ಗ್ಯಾಸ್ ಸಿಲಿಂಡರ್ ಒಂದು ಕೈಕೊಟ್ಟರೆ ನೀರೊಳಗೇ ಅದನ್ನ ಪಟ್ಟಿಯಿಂದ ತೆಗೆದು ಹೊಸ ಲೆಕ್ಕ ಕೇಳೋ ಹಾಗಿರಬೇಕು, ಅದೂ ದಪ್ಪ ಗ್ಲೌಸ್ ಹಾಕಿದ ಬೆರಳಿನಲ್ಲಿ.

ಮೂರನೆಯದು: ಬ್ಯಾಟರಿ ಸತ್ತರೆ? ಪರ್ಡಿಕ್ಸ್‌ಗೆ ಟಾರ್ಚಿಗೆ ಹಾಕೋ ಡಬಲ್ ಎ ಸೆಲ್ ಸಾಕು, ಯಾವ ಊರಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತೆ. ಚಾರ್ಜ್ ಮಾಡೋ ವಾಚು ನೋಡೋಕೆ ಚೆಂದ, ಅದರ ವಿಶೇಷ ಕೇಬಲ್ಲು ಮನೆಯಲ್ಲಿ ಮರೆತು ಬರೋವರೆಗೆ. ಇನ್ನು ಯಂತ್ರವೇ ಸತ್ತರೆ? ಎರಡನೆಯದೊಂದು ಇರಬೇಕು, ಅದೇ ಲೆಕ್ಕ, ಅದೇ ಎರಡು ಸಂಖ್ಯೆ. ಬಜೆಟ್ ಇಲ್ಲ ಅಂದ್ರೆ ಅತಿ ದುಬಾರಿ ಒಂದರ ಬದಲು ಸಾಧಾರಣ ಎರಡು ತಗೊಳ್ಳಿ.

‘ಕಂಪ್ಯೂಟರೇ ಬೇಡ, ಸ್ಲೇಟಿನ ಮೇಲೆ ಕೋಷ್ಟಕ ಬರೆದುಕೊಂಡು ಇಳಿಯಿರಿ, ಯಂತ್ರ ಬಂದು ಬುದ್ಧಿ ಮಂಕಾಗಿದೆ’ ಅನ್ನೋ ಹಿರಿಯರಿದ್ದಾರೆ. ಅವರ ಮಾತಲ್ಲಿ ಅರ್ಧ ನಿಜ ಇದೆ. ಸ್ಲೇಟಿನ ಕೋಷ್ಟಕವೂ ಅದೇ ಬ್ಯೂಲ್ಮನ್ ಲೆಕ್ಕದಿಂದಲೇ ಬಂದಿರುತ್ತೆ, ಆಳ ಐದು ಮೀಟರ್ ಹೆಚ್ಚಾದರೆ ಅದು ತಿದ್ದಿಕೊಳ್ಳಲ್ಲ. ಆದರೆ ಅದನ್ನ ಬರೆಯುವಾಗ ನೀವು ಆ ಸಂಖ್ಯೆಗಳನ್ನ ಒಮ್ಮೆ ನೋಡಿರ್ತೀರಿ. ಆ ಕೆಲಸ ಬಿಡಬಾರದು. ಲಿನಕ್ಸ್ ಖ್ಯಾತಿಯ ಲೈನಸ್ ಟೋರ್ವಾಲ್ಡ್ಸ್ 2011ರಲ್ಲಿ ಶುರು ಮಾಡಿದ ಸಬ್‌ಸರ್ಫೇಸ್ ಅನ್ನೋ ತಂತ್ರಾಂಶ ಇದೆ, ಪುಕ್ಕಟೆ. ಅದರಲ್ಲಿ ಇದೇ ಡೈವನ್ನ 30/70, 40/95 ಎರಡರಲ್ಲೂ ಹಾಕಿ ನೋಡಿ. ಮೂರು ತಿಂಗಳ ನನ್ನ ಸ್ಪ್ರೆಡ್‌ಶೀಟ್ ಕಲಿಸದ್ದನ್ನ ಹತ್ತು ನಿಮಿಷದಲ್ಲಿ ಕಲಿಸುತ್ತೆ.

ಅವತ್ತು ನಾನು ಮೇಲೆ ಹೋಗಿದ್ದರೆ ಏನಾಗ್ತಿತ್ತು? ಬಹುಶಃ ಏನೂ ಆಗ್ತಿರಲಿಲ್ಲ. 40/95ರಲ್ಲಿ ಹೊರಗೆ ಬಂದು ಆರಾಮಾಗಿ ಚಹಾ ಕುಡಿಯೋರು ಇದ್ದಾರೆ. ಅವರ ಬಗ್ಗೆ ನನ್ನ ತಕರಾರಿಲ್ಲ. ಅಂಚಿಗೆ ಎಷ್ಟು ಹತ್ತಿರ ನಿಲ್ಲಬೇಕು ಅಂತ ಅವರು ತಾವೇ ಯೋಚಿಸಿ ನಿರ್ಧರಿಸಿದ್ದಾರೆ. ನಾನು ನಿರ್ಧರಿಸಿರಲಿಲ್ಲ. ನನ್ನ ಬೆನ್ನುಹುರಿಯನ್ನ ಎಷ್ಟು ಪಣಕ್ಕಿಡಬೇಕು ಅಂತ, ನನಗೆ ಪರಿಚಯವೇ ಇಲ್ಲದ ಹಳೇ ಮಾಲೀಕ ನಿರ್ಧರಿಸಿದ್ದ.

ಆ ಹದಿಮೂರು ನಿಮಿಷ ಗೆಳೆಯ ನನ್ನ ತೋಳು ಬಿಡಲಿಲ್ಲ. ದಡಕ್ಕೆ ಬಂದ ಮೇಲೆ ಅವನು ಬೈಯಲೂ ಇಲ್ಲ. ನನ್ನ ಕಂಪ್ಯೂಟರ್ ಇಸಕೊಂಡು, ಮೆನು ತೆಗೆದು, ಆ ಎರಡು ಸಂಖ್ಯೆ ತೋರಿಸಿ, ‘ಇದು ನೀನು ಹಾಕಿದ್ದಾ?’ ಅಂತ ಕೇಳಿದ, ಅಷ್ಟೇ. ಈಗ ಯಾರ ಜೊತೆ ಇಳಿಯೋದಾದರೂ, ಡ್ರೈಸೂಟ್ ಜಿಪ್ ಎಳೆಯೋ ಮುಂಚೆ ನಾನೂ ಅದನ್ನೇ ಕೇಳ್ತೀನಿ. ನಿಮ್ಮ ಕೈಯಲ್ಲಿರೋದು ಯಾವ ಕಂಪನೀದಾದರೂ ಇರಲಿ. ಒಳಗಿರೋ ಸಂಖ್ಯೆ ನೀವು ಹಾಕಿದ್ದಾ?