ಟಿಕೆಟು ಕೈಲಿದೆ, ಬಾಗಿಲು ಯಾರದು?



ಈ ವಾರ ನಟ-ನಟಿಯರ ಮಾತು ಸ್ವಲ್ಪ ಬದಿಗಿರಲಿ. ಚಿತ್ರಮಂದಿರದ ಬಾಗಿಲಿನ ಮಾತು ಆಡೋಣ. ಕುರಕುಂಟಾದ ಚಹಾದಂಗಡಿಯಲ್ಲಿ ಈ ಪುಟ ಓದುತ್ತ ಕೂತಿದ್ದ ಹುಡುಗನೊಬ್ಬ ನನ್ನನ್ನು ನೇರವಾಗಿ ಕೇಳಿಬಿಟ್ಟ: "ಅಂಗಡಿ ನಂದ್ರಿ, ರೊಕ್ಕ ನಂದು. ಯಾರಿಗ್ ಒಳಗ ಬಿಡಬೇಕು, ಯಾರಿಗ್ ಬಿಡಬಾರ್ದು ಅನ್ನೋದು ನನ್ನ ಮರ್ಜಿ. ಸರಕಾರ ನಡಕ್ಕ ಯಾಕ ಬರ್ತದ?"

ಖಡಕ್ ಪ್ರಶ್ನೆ! ತಳ್ಳಿಹಾಕುವಂಥದ್ದಲ್ಲ.

2024ರ ಜುಲೈ ನೆನಪಿದೆಯಾ? ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರು ಮಗನ ಜೊತೆ ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲಿಗೆ ಸಿನಿಮಾ ನೋಡಲು ಹೋದರು. ಟಿಕೆಟು ಕೈಲಿತ್ತು. ಉಟ್ಟದ್ದು ಮಾತ್ರ ಪಂಚೆ. ಕಾವಲುಗಾರ ತಡೆದ. ಗಲಾಟೆ ವಿಧಾನಸಭೆ ಮುಟ್ಟಿತು. ಮಾಲನ್ನು 7 ದಿನ ಮುಚ್ಚಿಸುತ್ತೇವೆ ಎಂದು ಸರ್ಕಾರ ಘೋಷಿಸಿತು, ಬೀಗವೂ ಬಿತ್ತು. ಮಾಲಿನವರು ಕ್ಷಮೆ ಕೇಳಿದರು.

ನಮ್ಮ ಅಣ್ಣಾವ್ರು ಬಿಳಿ ಪಂಚೆ, ಬಿಳಿ ಅಂಗಿಯಲ್ಲೇ ಓಡಾಡಿದವರು. 1972ರ 'ಬಂಗಾರದ ಮನುಷ್ಯ'ದಲ್ಲಿ ಅವರು ಮಣ್ಣಿಗಿಳಿದು ದುಡಿದಾಗ ಚಿತ್ರಮಂದಿರಕ್ಕೆ ಚಿತ್ರಮಂದಿರವೇ ಶಿಳ್ಳೆ ಹೊಡೆಯಿತು. ಪರದೆ ಮೇಲೆ ರೈತ ಬಂದರೆ ಶಿಳ್ಳೆ, ಬಾಗಿಲಿಗೆ ರೈತ ಬಂದರೆ ತಡೆ. ಇದ್ಯಾವ ನ್ಯಾಯ ಸ್ವಾಮಿ? ನಮ್ಮ ಕಡೆ ಕಲ್ಲಿನ ಗಣಿಯಿಂದ ಬರುವವನ ಬಟ್ಟೆ ತುಂಬ ಬಿಳಿ ಧೂಳು. ಧೋತರ ಉಟ್ಟ ಮುತ್ಯಾಗಳಂತೂ ಮನೆಮನೆಗೂ ಇದ್ದಾರೆ. ಇವರೆಲ್ಲ ಎಲ್ಲಿಗೆ ಹೋಗಬೇಕು?

ಹಾಗಂತ ಮಾಲೀಕನಿಗೆ ಹಕ್ಕೇ ಇಲ್ಲವೇ? ಇದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಹೊರಗಿನ ತಿಂಡಿ ತರಬೇಡಿ ಅನ್ನುವ ಹಕ್ಕು ಥಿಯೇಟರ್ ಮಾಲೀಕನಿಗಿದೆ ಎಂದಿತು. ಆದರೆ ಕುಡಿಯುವ ನೀರು ಪುಕ್ಕಟೆ ಕೊಡಬೇಕು, ಎಳೆಗೂಸಿನ ಆಹಾರ ತಡೆಯಬಾರದು. ಕುಡಿದು ಬಂದವನನ್ನು, ಬೀಡಿ ಹಚ್ಚಿದವನನ್ನು ಹೊರಗೆ ಹಾಕಿದರೂ ಯಾರೂ ತಪ್ಪು ಅನ್ನೋದಿಲ್ಲ. ಬೀಡಿ ಆರಿಸಿದರೆ ಒಳಗೆ ಬರಬಹುದು, ಹುಟ್ಟಿದ ಜಾತಿ ಆರಿಸಿ ಬರಲಾಗುತ್ತದೆಯೇ? ವ್ಯತ್ಯಾಸ ಇರುವುದೇ ಇಲ್ಲಿ.

ಅದಕ್ಕೇ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಮನರಂಜನೆಯ ಜಾಗಗಳ ಹೆಸರು ಹಿಡಿದೇ ಹೇಳಿದೆ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು, ಇಷ್ಟೇ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ಅಸ್ಪೃಶ್ಯತೆಯ ನೆಪದಲ್ಲಿ ತಡೆದರೆ 1955ರ ಕಾಯ್ದೆಯಂತೆ ಶಿಕ್ಷೆ. ಒಂದು ತಮಾಷೆ ನೋಡಿ, ಆ ಪಟ್ಟಿಯಲ್ಲಿ 'ಬಟ್ಟೆ' ಇಲ್ಲ! ಜಾತಿ ಕೇಳಿದರೆ ಜೈಲು, ಬಟ್ಟೆ ನೋಡಿದರೆ 'ನಮ್ಮ ರೂಲ್ಸು'. ಆ ಸಂದಿಯಲ್ಲೇ ಪಂಚೆಯವರು ಸಿಕ್ಕಿಬಿದ್ದದ್ದು. ತಮಿಳುನಾಡಿನಲ್ಲಿ 2014ರಲ್ಲಿ ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಾಧೀಶರನ್ನೇ ಒಂದು ಕ್ಲಬ್ಬಿನವರು ತಡೆದಾಗ, ಆ ವರ್ಷವೇ ಅಲ್ಲಿನ ಸರ್ಕಾರ ಈ ಸಂದಿ ಮುಚ್ಚಲು ಕಾನೂನು ತಂದಿತು.

ಇನ್ನು ಹುಡುಗನ 'ಮರ್ಜಿ'. ನಿನ್ನ ಮನೆಗೆ ಯಾರನ್ನು ಊಟಕ್ಕೆ ಕರೀತೀಯ, ಯಾರ ಜೊತೆ ಸಿನಿಮಾಕ್ಕೆ ಹೋಗ್ತೀಯ, ಅದು ನಿನ್ನಿಷ್ಟ ತಮ್ಮಾ. ಸರಕಾರ ಅಲ್ಲಿ ಬರೋದಿಲ್ಲ, ಬರಲೂಬಾರದು. ಆದರೆ ಲೈಸೆನ್ಸು ತಗೊಂಡು, ಬೋರ್ಡು ಹಾಕಿ, 'ಬನ್ನಿ ಬನ್ನಿ' ಅಂತ ಊರನ್ನೇ ಕರೆದ ಮೇಲೆ ಅದು ನಿನ್ನ ಮನೆಯ ಹೊಸ್ತಿಲಾಗಿ ಉಳಿಯೋದಿಲ್ಲ.

ಮರ್ಜಿ ಎಲ್ಲಿಗೆ ಮುಟ್ಟುತ್ತದೆ ಅಂತ ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನು ಕೇಳಿ. ಆ ಊರಲ್ಲಿ ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರನ್ನು ಬಿಡುತ್ತಿರಲಿಲ್ಲ. ಅದೇ ತಕರಾರು ಕುದಿಯುತ್ತಿತ್ತು. 2014ರ ಆಗಸ್ಟಿನಲ್ಲಿ ಗಂಗಾವತಿಯ ಚಿತ್ರಮಂದಿರದಲ್ಲಿ ನಡೆದ ಒಂದು ಜಗಳ ಸಾಕಾಯಿತು, ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆಮೇಲೆ ಹೈಕೋರ್ಟು ಬಹುತೇಕರಿಗೆ ಜಾಮೀನು ಕೊಟ್ಟಿತು, ಆ ಮಾತು ಬೇರೆ. ಸುಟ್ಟ ಗುಡಿಸಲಿಗೂ ಹತ್ತು ವರ್ಷ, ಕೋರ್ಟು ಅಲೆದ ಮನೆಗಳಿಗೂ ಹತ್ತು ವರ್ಷ.

ಮಿತ್ರರೆ, ಹೊಸ ಪಿಕ್ಚರ್ ಬಂದಾಗ ಹೀರೋನ ಹಾಗೆ ಕಟಿಂಗ್ ಮಾಡಿಸಲು ನೀವು ಕ್ಷೌರದಂಗಡಿಗೆ ಓಡುತ್ತೀರಿ. ಪಕ್ಕದ ಕೇರಿಯ ಹುಡುಗನೂ ಅದೇ ಹೀರೋನ ಅಭಿಮಾನಿ. ಅವನಿಗೂ ಅದೇ ಕುರ್ಚಿ, ಅದೇ ಕತ್ತರಿ ಸಿಗುತ್ತದೆಯೇ? ಈ ವಾರ ಒಂದು ಕಣ್ಣು ಹಾಕಿ. ಸಿಗದಿದ್ದರೆ, ಮುಂದಿನ ಸಲ ಅವನನ್ನೂ ಜೊತೆಗೆ ಕರೆದುಕೊಂಡೇ ಹೋಗಿ.